ಅಂಗೈಯಲ್ಲಿ ಅಡಗುವ ಆನೆ

ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ಅದು ಭಾರೀ ಆನೆಯಂತೆ ಕಾಣುತ್ತದೆ. ಬೆನ್ನ ಮೇಲೆ ಸವಾರರು ಒತ್ತಾಗಿ ಕುಳಿತಿದ್ದಾರೆ. ಆದರೆ ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಕಂಚಿನ ಆನೆಯ ನಿಜವಾದ ಎತ್ತರ ಸುಮಾರು 5 ಸೆಂಟಿಮೀಟರ್ ಮಾತ್ರ!

ಇದು ದೊರೆತದ್ದು ಪಂಚಗಂಗಾ ದಡದ ಬ್ರಹ್ಮಪುರಿ ದಿಬ್ಬದಲ್ಲಿ. 1944-45ರಲ್ಲಿ ಅಲ್ಲಿ ಅಗೆತಕ್ಕೆ ಮುಂದಾದವರು ರಾಜಾರಾಮ್ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರ. ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿದ್ದ ಈ ವಿದ್ವಾಂಸರೇ ಮುಂದೆ 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಾಲಿಯಾ ಮತ್ತು ಎಂ.ಜಿ. ದೀಕ್ಷಿತ್ ಉತ್ಖನನ ನಡೆಸಿ, ಶಾತವಾಹನರ ಕಾಲದ ಊರೊಂದನ್ನು ಬೆಳಕಿಗೆ ತಂದರು.

ಬ್ರಹ್ಮಪುರಿಯ ಕಂಚಿನ ನಿಧಿಯಲ್ಲಿ ವಿದ್ವಾಂಸರ ಕಣ್ಣು ಮೊದಲು ಹರಿದದ್ದು ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ವಿಗ್ರಹದತ್ತ. ರೋಮನ್ ಸಾಮ್ರಾಜ್ಯದಿಂದ ಬಂದ ಹೂಜಿಯೂ ಜೊತೆಗಿತ್ತು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿದ ಸರಕು ಘಟ್ಟ ಹತ್ತಿ ಬಂದಿತ್ತೆಂಬುದಕ್ಕೆ ಇವು ಸಾಕ್ಷಿ. ಈ ಪರದೇಶಿ ಅತಿಥಿಗಳ ನಡುವೆ ಆನೆ ಮಾತ್ರ ಈ ನೆಲದ್ದು. ಹೊರಗಿನ ಕುಶಲ ವಸ್ತುಗಳನ್ನು ಮೆಚ್ಚಿ ಕೊಳ್ಳುತ್ತಿದ್ದ ನಾಡಿನಲ್ಲಿ ಎರಕದ ಕಸಬೂ ಚೆನ್ನಾಗಿಯೇ ಬೆಳೆದಿತ್ತೆಂದು ಅದು ಹೇಳುತ್ತದೆ.

ಇಂಥ ಬೊಂಬೆಗಳನ್ನು ಸಾಮಾನ್ಯವಾಗಿ ಮೇಣದ ಎರಕದಲ್ಲಿ ಮಾಡುತ್ತಾರೆ. ಜೇನುಮೇಣದಲ್ಲಿ ಬೊಂಬೆ ತಿದ್ದಿ, ಸುತ್ತ ಜೇಡಿಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹೊರಬರುತ್ತದೆ. ಆ ಟೊಳ್ಳಿಗೆ ತಾಮ್ರ ಮತ್ತು ತವರ ಬೆರೆತ ಲೋಹದ್ರವ ಸುರಿಯುತ್ತಾರೆ. ಆರಿದ ಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಬೊಂಬೆ.

ಛಾಯಾಚಿತ್ರ ಆಕಾರವನ್ನು ಕೊಡುತ್ತದೆ. ತೂಕ, ಲೋಹದ ಬಣ್ಣ, ಬೆನ್ನ ಹಿಂದಿನ ಕೆಲಸವನ್ನು ಕೊಡುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ಗಾತ್ರದ ವಿಷಯದಲ್ಲಿ ಮೋಸವನ್ನೂ ಮಾಡುತ್ತದೆ. ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ. ವಸ್ತು ಕಳುವಾದರೆ ಗುರುತು ಹಿಡಿಯಲು ಹಳೆಯ ಚಿತ್ರವೇ ಆಧಾರ. ಪುದುಚೇರಿಯ ಫ್ರೆಂಚ್ ಸಂಸ್ಥೆ ತೆಗೆಸಿಟ್ಟ ದೇಗುಲ ವಿಗ್ರಹಗಳ ಚಿತ್ರಗಳು, ಪರದೇಶಕ್ಕೆ ಸಾಗಿಸಿದ್ದ ಮೂರ್ತಿಗಳನ್ನು ಮರಳಿ ತರಲು ನೆರವಾಗಿವೆ.

ಕಂಚನ್ನು ಮತ್ತೆ ಕರಗಿಸಬಹುದು. ನೆಲದಡಿ ಸಿಕ್ಕ ಎಷ್ಟೋ ವಸ್ತುಗಳು ಗುಜರಿಯ ತಕ್ಕಡಿ ಸೇರುತ್ತವೆ. ಬ್ರಹ್ಮಪುರಿಯ ಆನೆ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬ ದಾಖಲೆ ಉಳಿಯಿತು. ಆ ದಾಖಲೆ ಇಲ್ಲದಿದ್ದರೆ ಇದು ಬರೀ ಚೆಂದದ ಆಟಿಕೆಯ ಚಿತ್ರವಾಗಿ ಉಳಿದುಬಿಡುತ್ತಿತ್ತು.