ಕಡಲ ಬದಿಯ ಹೊಯಿಗೆ ದಿಬ್ಬ: ಕಾಯುವುದು ಹೇಗೆ, ದಾಟುವುದು ಎಲ್ಲಿ?

ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು ಎಂದು ಕಡಲ ಬದಿ ಹಿಡಿದು ನಡೆದವರಿಗೆ ಹೊಯಿಗೆ ದಿಬ್ಬ ಎಂದರೇನೆಂದು ಹೇಳಬೇಕಾದ್ದಿಲ್ಲ. ನಮ್ಮ ಕಣ್ಣಿಗೆ ಅದು ಬೆಲೆಯಿಲ್ಲದ ಜಾಗ. ಹಿತ್ತಿಲ ತಗ್ಗು ತುಂಬಿಸಬೇಕಾದರೆ ಅಲ್ಲಿಂದ ಹೊಯಿಗೆ ತರುವುದು. ಕಡಲಿಗೆ ದಾರಿ ಬೇಕಾದರೆ ಅದನ್ನೇ ಕಡಿಯುವುದು. ಬಾವಿಯ ನೀರು ಉಪ್ಪಾದ ಮೇಲೆ ಮಾತ್ರ ಹಣೆಗೆ ಕೈಹಚ್ಚುವುದು.

ಬಾವಿಗೂ ದಿಬ್ಬಕ್ಕೂ ಏನು ಸಂಬಂಧ? ದಂಡೆಯ ಹೊಯಿಗೆಯಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಆದ್ದರಿಂದ ಅದರ ಮೇಲೆ ತೇಲಿ ನಿಲ್ಲುತ್ತದೆ. ಬಲ್ಲವರ ಲೆಕ್ಕದಲ್ಲಿ ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಅಡಿ ಎತ್ತರವಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರೇ ಇರುತ್ತದೆ. ಮೇಲಿನ ಒಂದಡಿ ಕಳೆದರೆ ಕೆಳಗಿನ ನಲ್ವತ್ತಡಿಯೂ ಕ್ರಮೇಣ ಹೋಯಿತೆನ್ನಿ. ದಿಬ್ಬವೆಂದರೆ ಮಳೆಯನ್ನು ಹೀರಿ ಇಡುವ ಕಣಜ. ಮೇಲಾಗಿ ಅಲೆಯನ್ನೂ ಉಪ್ಪುಗಾಳಿಯನ್ನೂ ಅದು ತಡೆಯುತ್ತದೆ.

ಈ ಮಾತನ್ನು ಹಾಲೆಂಡಿನವರು ಕೆಟ್ಟು ಕಲಿತರು. ಆಂಸ್ಟರ್‌ಡಾಂ ಪಟ್ಟಣದವರು 1853ರಲ್ಲಿ ಕಡಲ ದಿಬ್ಬಗಳ ನಡುವೆ ಕಾಲುವೆ ತೋಡಿ, ಕೊಳವೆಯಲ್ಲಿ ನೀರು ತಂದು, ಬಕೀಟಿಗೆ ಒಂದು ಸೆಂಟಿನಂತೆ ಮಾರಿದರು. ಪಟ್ಟಣ ಬೆಳೆಯಿತು, ಸೆಳೆತವೂ ಬೆಳೆಯಿತು. ದಿಬ್ಬಗಳ ನಡುವಣ ಹಸಿ ತಗ್ಗುಗಳು ಬತ್ತಿದವು. ಅಡಿಯಿಂದ ಉಪ್ಪು ಏರಿತು. ಕೊನೆಗೆ 1957ರಿಂದ ರೈನ್ ನದಿಯ ನೀರನ್ನು ಮೊದಲೇ ಶುದ್ಧಮಾಡಿ ದಿಬ್ಬಗಳಲ್ಲಿ ಇಂಗಿಸತೊಡಗಿದರು. ಸುಮಾರು 3,400 ಹೆಕ್ಟೇರಿನ ಆ ಜಾಗಕ್ಕೆ ಜನರನ್ನು ಬಿಡುವುದಿಲ್ಲವೆಂದು ತಿಳಿಯಬೇಡಿ. ಸಣ್ಣ ಟಿಕೇಟು ಕೊಂಡು ಯಾರೂ ಹೋಗಬಹುದು, ಹಾದಿ ಬಿಟ್ಟು ಅಲೆಯಲೂಬಹುದು. ನಾಯಿಗೂ ಸೈಕಲ್ಲಿಗೂ ಮಾತ್ರ ಪ್ರವೇಶವಿಲ್ಲ. ಜನರನ್ನು ಹೊರಗಿಡದೆ, ಕೆಡುಕು ಮಾಡುವುದನ್ನಷ್ಟೇ ಹೊರಗಿಟ್ಟ ಈ ಬುದ್ಧಿ ನನಗೆ ಮೆಚ್ಚಿಗೆಯಾಯಿತು.

ಅದರ ನೆರೆಯ ದಿಬ್ಬಗಳಲ್ಲಿ 2013ರ ಹೊತ್ತಿಗೆ ಅವರೇ ಐದು ಕಡೆ ಕಂಡಿ ಕಡಿದು ಒಳಕ್ಕೆ ಹೊಯಿಗೆ ಹಾರಲು ಬಿಟ್ಟದ್ದೂ ಉಂಟು. ಪೂರ್ತಿ ಕಟ್ಟಿಹಾಕಿದ ದಿಬ್ಬದಲ್ಲಿ ಹುಲ್ಲು ದಟ್ಟವಾಗಿ ಉಳಿದ ಗಿಡಗಳು ಅಳಿಯುತ್ತವೆಂದು. ಅವರ ದಿಬ್ಬಗಳು ಮೈಲುಗಟ್ಟಲೆ ಅಗಲ. ಒಂದೇ ಸಾಲು ಉಳಿದಿರುವ ನಾವು ಆ ಆಟಕ್ಕೆ ಹೋಗಬಾರದು.

ನಮ್ಮಲ್ಲಿ ದಿಬ್ಬ ಕಟ್ಟುವ ಕೂಲಿಯಾಳುಗಳು ಬೇರೆ. ಆಡಿನ ಗೊರಸಿನಂಥ ಎಲೆಯ, ನೇರಿಳೆ ಹೂವಿನ ಅಡುಂಬು ಬಳ್ಳಿ ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಹೊಯಿಗೆಯನ್ನು ಹಿಡಿಯುತ್ತದೆ. ರಾವಣನ ಮೀಸೆ ಎಂಬ ಮುಳ್ಳುಹುಲ್ಲಿನ ಬೀಜದ ಚೆಂಡು ಗಾಳಿಗೆ ಉರುಳಿ ಹೋದಲ್ಲಿ ಹುಟ್ಟುತ್ತದೆ. ಇವುಗಳ ಹಿಂದೆ ಕೇದಗೆ. ಗಾಳಿಮರದ ಮೇಲೆ ಹಲವರಿಗೆ ಮೋಹ. 1868ರಲ್ಲಿ ಕಾರವಾರಕ್ಕೆ ಬಂದ ಈ ಮರ ಸೌದೆಗೆ ಒಳ್ಳೆಯದೇ. ಆದರೆ ದಂಡೆಯ ಮುಂಭಾಗದಲ್ಲಿ ನೆಟ್ಟರೆ ಉದುರಿದ ಎಲೆಯ ಹಾಸಿನಡಿ ಬಳ್ಳಿ ಏಳದು, ಕಡಲಾಮೆಗೆ ಮೊಟ್ಟೆಯಿಡಲು ಎಡೆಯೂ ಸಿಗದು. ಅದು ಹಿಂದೆಯೇ ಇರಲಿ.

ಕೆಟ್ಟ ದಿಬ್ಬವನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮಳೆಗಾಲದ ಕೊನೆಗೆ, ಕಡಲು ತಗ್ಗಿ ಹೊಯಿಗೆಯಲ್ಲಿ ಇನ್ನೂ ತೇವವಿರುವಾಗ, ಅಲೆ ಮುಟ್ಟುವ ಗೆರೆಯಿಂದ ಹಿಂದಕ್ಕೆ ಮಡಲಿನ ಬೇಲಿ ಕಟ್ಟಬೇಕು. ಒತ್ತಾಗಿ ಹೆಣೆಯಬೇಡಿ, ಅರ್ಧ ಗಾಳಿ ದಾಟಬೇಕು, ಆಗಲೇ ಹೊಯಿಗೆ ಬೀಳುವುದು. ಇಂಗ್ಲೆಂಡಿನ ಲ್ಯಾಂಕಾಶೈರ್ ತೀರದಲ್ಲಿ ಕ್ರಿಸ್ಮಸ್ ಮುಗಿದ ಮೇಲೆ ಬಿಸಾಡುವ ಮರಗಳನ್ನು ಸಾಲಾಗಿ ಹೂಳಿ ಇದೇ ಕೆಲಸ ಮಾಡಿಸುತ್ತಾರೆ. ನಮಗೆ ಮಡಲಿಗೇನು ಬರ! ಬೇಲಿಯ ಹಿಂದೆ ಮೂರು ನಾಲ್ಕು ಗಿಣ್ಣಿರುವ ಬಳ್ಳಿಯ ತುಂಡುಗಳನ್ನು ಹೂಳಿ, ಬೇರೂರುವ ತನಕ ದನ ಕಾಲಿಡದಂತೆ ನೋಡಿದರಾಯಿತು.

ಇನ್ನು ದಾರಿ. ಬಲೆ ಎಳೆಯುವವರು ಕಡಲಿಗೆ ಹೋಗಲೇಬೇಕು. ಆಟಿ ಅಮಾವಾಸ್ಯೆಗೆ ಮೀಯುವವರೂ ಹೋಗಬೇಕು. ಅವರಿಗೆ ಅಡ್ಡಗಟ್ಟಿದ ಬೇಲಿ ಮೂರು ದಿನ ಬಾಳದು, ಬಾಳಲೂಬಾರದು. ತಪ್ಪಿರುವುದು ಮನೆಗೊಂದರಂತೆ ಹತ್ತು ಕಂಡಿ ಕಡಿಯುವುದರಲ್ಲಿ. ಊರಿಗೆ ದೋಣಿಯ ದಾರಿ ಒಂದು, ಕಾಲುದಾರಿ ಒಂದೆರಡು ಸಾಕು. ಎಲ್ಲಿ ಎಂಬುದನ್ನು ಮೊದಲು ಮೀನುಗಾರರನ್ನೇ ಕೇಳಬೇಕು. ಕಾಲುದಾರಿ ಗಾಳಿಗೆ ನೇರವಾಗಿರದೆ ಓರೆಯಾಗಿರಲಿ. ನೇರ ಕಂಡಿಯಲ್ಲಿ ನುಗ್ಗಿದ ಗಾಳಿ ದಿಬ್ಬವನ್ನೇ ಬಗೆದು ಹಾಕುತ್ತದೆ. ಬಳ್ಳಿ ತುಳಿಯದಂತೆ ಗೂಟ ನೆಟ್ಟು ಹಲಗೆ ಹಾಸಿದರೆ ಅಡಿಯಲ್ಲಿ ಹೊಯಿಗೆ ಸರಿದಾಡಲೂ ಎಡೆ.

2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮರಳ ದಿಬ್ಬ ಕಡಿದು ಮಾರ್ಪಡಿಸುವುದನ್ನು ನಿಷೇಧಿಸಿತು. 2019ರ ಅಧಿಸೂಚನೆಯೂ ದಿಬ್ಬಗಳನ್ನು ಅತ್ಯಂತ ಸೂಕ್ಷ್ಮ ಜಾಗಗಳ ವರ್ಗದಲ್ಲಿ ಇಟ್ಟಿದೆ. ಆದಕಾರಣ ಹಲಗೆ ಹಾಸುವ ಮೊದಲು ಪಂಚಾಯತಿನ ಮೂಲಕ ಒಪ್ಪಿಗೆ ಕೇಳಿಕೊಳ್ಳುವುದು ಲೇಸು. ಬಳ್ಳಿ ನೆಡುವ ಕೆಲಸವನ್ನು ಮಳೆಯ ತೇವ ಆರುವುದರೊಳಗೆ ಮುಗಿಸಬೇಕು.