ಇಳಿಜಾರಿನಲ್ಲಿ ಹುಟ್ಟುವ ಕರೆಂಟು

ಅಕ್ಕಂದಿರೆ, ಗುಡ್ಡದಿಂದ ಸೌದೆ ಹೊರೆ ಹೊತ್ತು ನಾವು ಎಷ್ಟು ಸಲ ಇಳಿದಿಲ್ಲ! ಇಳಿಯುವುದು ಸುಲಭ ಅಂತ ನೋಡುವವರು ಹೇಳ್ತಾರೆ. ಸುಲಭ ಅಲ್ಲ. ಹೊರೆ ನಮ್ಮನ್ನು ಮುಂದಕ್ಕೆ ನೂಕುತ್ತದೆ. ಹೆಜ್ಜೆ ಹೆಜ್ಜೆಗೂ ಮೈ ಬಿಗಿ ಹಿಡಿಯಬೇಕು. ಮನೆ ಸೇರುವಷ್ಟರಲ್ಲಿ ಮೊಣಕಾಲು ನಡುಗುತ್ತದೆ.

ಲಾರಿಗೂ ಇದೇ ಕಷ್ಟ. ಶಿರಾಡಿ ಘಟ್ಟ, ಚಾರ್ಮಾಡಿ ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬರುವುದುಂಟು. ಅದು ಬ್ರೇಕಿನ ವಾಸನೆ. ಎರಡು ಅಂಗೈ ಉಜ್ಜಿ ನೋಡಿ, ಬಿಸಿ ಆಗುತ್ತದೆ. ಬ್ರೇಕೂ ಹಾಗೇ ಉಜ್ಜಿ ಉಜ್ಜಿ ಬಿಸಿ ಆಗುತ್ತದೆ. ಬಿಸಿ ಮಿತಿ ಮೀರಿದರೆ ಬ್ರೇಕು ಹಿಡಿಯುವುದಿಲ್ಲ. ಆಗ ಚಾಲಕನ ಜೀವಕ್ಕೇ ಕುತ್ತು.

ಲಾರಿಯನ್ನು ತಡೆದ ಆ ಶಕ್ತಿ ಎಲ್ಲಿ ಹೋಯಿತು? ಬಿಸಿಯಾಗಿ ಗಾಳಿಗೆ ಹೋಯಿತು. ಅದನ್ನು ಹಿಡಿದು ಇಟ್ಟುಕೊಳ್ಳಲು ಆಗುತ್ತದಾ? ಆಗುತ್ತದೆ.

ಸೈಕಲ್ಲಿನ ಡೈನಮೋ ನೆನಪು ಮಾಡಿಕೊಳ್ಳಿ. ಅದನ್ನು ಚಕ್ರಕ್ಕೆ ತಾಗಿಸಿದರೆ ದೀಪ ಹತ್ತುತ್ತದೆ. ಜೊತೆಗೆ ಪೆಡಲು ಭಾರ ಆಗುತ್ತದೆ. ಯಾಕೆ? ಡೈನಮೋ ಚಕ್ರವನ್ನು ಸ್ವಲ್ಪ ತಡೆಯುತ್ತದೆ. ತಡೆದ ಶಕ್ತಿಯೇ ಕರೆಂಟಾಗಿ ದೀಪಕ್ಕೆ ಹೋಗುತ್ತದೆ. ಅಂದರೆ ಡೈನಮೋ ಒಂದು ಸಣ್ಣ ಬ್ರೇಕು. ಬಿಸಿ ಮಾಡಿ ಕಳೆಯುವ ಬದಲು ಬೆಳಕು ಕೊಡುವ ಬ್ರೇಕು.

ಕರೆಂಟಿನಿಂದ ಓಡುವ ಗಾಡಿಯಲ್ಲಿ ಇಂಥದೇ ಉಪಾಯ ಇದೆ. ಅದರ ಮೋಟಾರಿಗೆ ಕರೆಂಟು ಕೊಟ್ಟರೆ ಚಕ್ರ ತಿರುಗುತ್ತದೆ. ಇಳಿಜಾರಿನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸಿದರೆ, ಅದೇ ಮೋಟಾರು ಕರೆಂಟು ಕೊಡುತ್ತದೆ. ಗಾಡಿ ನಿಧಾನ ಆಗುತ್ತದೆ, ಬ್ಯಾಟರಿ ತುಂಬುತ್ತದೆ. ಬೆಂಗಳೂರಿನ ಮೆಟ್ರೊ ರೈಲಿನಲ್ಲೂ ಇಂಥ ಬ್ರೇಕು ಇದೆ.

ಸ್ವಿಟ್ಜರ್ಲೆಂಡ್ ಬೆಟ್ಟಗುಡ್ಡಗಳ ದೇಶ. ಅಲ್ಲಿ ಬೀಲ್ ಎಂಬ ಪಟ್ಟಣದ ಹತ್ತಿರ ಸಿಮೆಂಟ್ ಕಾರ್ಖಾನೆಗೆ ಸುಣ್ಣದ ಕಲ್ಲು ತೆಗೆಯುವ ಗಣಿ ಇದೆ. ಕಲ್ಲು ತೆಗೆಯುವುದು ಮೇಲೆ, ಸುರಿಯುವುದು ಕೆಳಗೆ. 2018ರಲ್ಲಿ ಅಲ್ಲಿಗೆ ಒಂದು ದೊಡ್ಡ ಗಾಡಿ ಬಂತು. ಹೆಸರು ಈ-ಡಂಪರ್. ಮೊದಲು ಅದು ಡೀಸೆಲ್ ಗಾಡಿಯಾಗಿತ್ತು. ಡೀಸೆಲ್ ಎಂಜಿನ್ ತೆಗೆದು ಮೋಟಾರು, ಬ್ಯಾಟರಿ ಕೂಡಿಸಿದರು. ಬ್ಯಾಟರಿಯ ತೂಕವೇ ಸುಮಾರು ನಾಲ್ಕೂವರೆ ಟನ್. ಅದರಲ್ಲಿ ಸುಮಾರು 600 ಯೂನಿಟ್ ಕರೆಂಟು ಹಿಡಿಯುತ್ತದೆ. ತಿಂಗಳಿಗೆ 50 ಯೂನಿಟ್ ಖರ್ಚು ಮಾಡುವ ಮನೆಗೆ ಇದು ಒಂದು ವರ್ಷಕ್ಕೆ ಸಾಕು.

ಈ ಗಾಡಿ ಖಾಲಿಯಾಗಿ ಬೆಟ್ಟ ಹತ್ತುತ್ತದೆ. ಮೇಲೆ ಸುಮಾರು 65 ಟನ್ ಕಲ್ಲು ತುಂಬಿಕೊಳ್ಳುತ್ತದೆ. ಅದು 50 ಕಿಲೋದ 1,300 ಸಿಮೆಂಟ್ ಚೀಲದಷ್ಟು ಭಾರ! ಹತ್ತಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಕವಾಗಿ ಇಳಿಯುತ್ತದೆ. ಹತ್ತುವಾಗ ಖರ್ಚು, ಇಳಿಯುವಾಗ ಜಮೆ. ದಾರಿಯಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಸೋರಿ ಹೋಗುತ್ತದೆ. ಆದರೂ ಇಳಿಯುವ ಭಾರ ಅಷ್ಟು ಹೆಚ್ಚಾದ್ದರಿಂದ, ಖರ್ಚು ಕಳೆದು ಮಿಗಲೂಬಹುದು.

ಇದನ್ನು ಮೊದಲ ಸಲ ಕೇಳಿದಾಗ ನಾವು ನಂಬಲಿಲ್ಲ. "ಪುಕ್ಕಟೆ ಕರೆಂಟು ಎಲ್ಲಿಂದ ಬಂತು?" ಅಂದೆವು. ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿ ಪುಕ್ಕಟೆ ಏನೂ ಇಲ್ಲ. ಕಲ್ಲು ಮೊದಲೇ ಎತ್ತರದಲ್ಲಿತ್ತು. ಅದನ್ನು ನಾವ್ಯಾರೂ ಹೊತ್ತು ಏರಿಸಿದ್ದಲ್ಲ. ಇಳಿಯುವಾಗ ಆ ಎತ್ತರದ ಶಕ್ತಿ ಕರೆಂಟಾಯಿತು. ಇಳಿದ ಕಲ್ಲು ಮತ್ತೆ ಬೆಟ್ಟ ಹತ್ತುವುದಿಲ್ಲ. ಬೆಟ್ಟ ಅಷ್ಟು ಕರಗಿತು.

ನಮ್ಮ ಊರ ಕಡೆ ನೆಲ ಅಗೆದು ಮಾಡಿದ ಕಲ್ಲು ಕ್ವಾರಿ ನೋಡಿದ್ದೀರಲ್ಲ? ಅಲ್ಲಿ ಲೆಕ್ಕ ಉಲ್ಟಾ. ಗಾಡಿ ಖಾಲಿಯಾಗಿ ಗುಂಡಿಗೆ ಇಳಿಯುತ್ತದೆ, ತುಂಬಿಕೊಂಡು ಹತ್ತುತ್ತದೆ. ಜಮೆ ಕಡಿಮೆ, ಖರ್ಚು ಹೆಚ್ಚು. ಅಲ್ಲಿ ಬ್ಯಾಟರಿಗೆ ಹೊರಗಿನ ಕರೆಂಟು ಬೇಕೇ ಬೇಕು.

ಇನ್ನೊಂದು ಮಾತು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುತ್ತದಾ? ಬ್ಯಾಟರಿಯೂ ಹಾಗೇ. ಪೂರ್ತಿ ತುಂಬಿದ್ದರೆ ಇಳಿಜಾರಿನ ಕರೆಂಟಿಗೆ ಜಾಗ ಇರುವುದಿಲ್ಲ. ಅದಕ್ಕೆ ಬೆಟ್ಟದ ಮೇಲೆ ಬ್ಯಾಟರಿಯಲ್ಲಿ ಜಾಗ ಉಳಿಸಿಕೊಂಡಿರಬೇಕು. ಉಜ್ಜುವ ಬ್ರೇಕು ಕೂಡ ಗಾಡಿಯಲ್ಲಿ ಇರಲೇಬೇಕು. ಹೊಸದು ಬಂತು ಅಂತ ಹಳೆಯದನ್ನು ಬಿಸಾಡುವ ಹಾಗಿಲ್ಲ.

ಹಾಗಾಗಿ ಯಾರಾದರೂ "ನಮ್ಮ ಗಾಡಿ ತಾನೇ ಕರೆಂಟು ಮಾಡುತ್ತದೆ" ಅಂದರೆ ಸುಮ್ಮನೆ ತಲೆ ಆಡಿಸಬೇಡಿ. "ಹೊರೆ ಇಳಿಯುವುದೋ, ಹತ್ತುವುದೋ?" ಅಂತ ಕೇಳಿ. ಹೊರೆ ಹೊತ್ತವರಿಗೆ ಈ ಪ್ರಶ್ನೆ ಯಾರೂ ಕಲಿಸಬೇಕಾಗಿಲ್ಲ.

ಲೆಕ್ಕ ಮಾಡಿ ನೋಡಿ:
1. ಒಂದು ಸಲಕ್ಕೆ 65 ಟನ್. ನಾಲ್ಕು ಸಲಕ್ಕೆ ಎಷ್ಟು ಟನ್?
2. ನಿಮ್ಮ ಮನೆಯ ಕರೆಂಟು ಬಿಲ್ಲು ನೋಡಿ. ಕಳೆದ ತಿಂಗಳು ಎಷ್ಟು ಯೂನಿಟ್ ಖರ್ಚಾಗಿದೆ? 600 ಯೂನಿಟ್ ನಿಮಗೆ ಎಷ್ಟು ತಿಂಗಳಿಗೆ ಬರುತ್ತದೆ?