ನಡುವಯಸ್ಸಿನಲ್ಲಿ ಹೊಸ ವೃತ್ತಿ

ಐವತ್ತು ತುಂಬಿದ ಗೃಹಸ್ಥನು ಕೈಯಲ್ಲಿರುವ ಉದ್ಯೋಗವನ್ನು ಬಿಡುವೆನೆಂದರೆ ಮನೆಮಂದಿಯೆಲ್ಲ ಕಳವಳಗೊಳ್ಳುವುದು ಸಹಜವೇ ಸರಿ. ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆಯ ಸಾಲ, ಇವು ಅವನೊಬ್ಬನ ಹೆಗಲ ಮೇಲಿರುವ ಭಾರಗಳಲ್ಲ. ಆದರೂ ಅಂಥ ಹೆಜ್ಜೆಯನ್ನಿಟ್ಟು ಗೆದ್ದವರುಂಟು. ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಉದಾಹರಣೆಯನ್ನು ನಾವು ವಾಚಕರ ಮುಂದಿಡುತ್ತೇವೆ.

1891ರಲ್ಲಿ ಜನಿಸಿದ ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಮೇಲ್ದರ್ಜೆಯ ಅಧಿಕಾರಿಗಳಾಗಿದ್ದರು. ತಮಗೆ ಸಲ್ಲಬೇಕೆಂದು ಅವರೆಣಿಸಿದ್ದ ಮಂತ್ರಿಸಮಾನವಾದ ಪದವಿಯು ಕಿರಿಯರೊಬ್ಬರಿಗೆ ಸಂದಾಗ, 1943ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತರು. ಮಾನಕ್ಕಾಗಿ ಅಧಿಕಾರವನ್ನು ಬಿಡುವವರು ವಿರಳ. ಬಿಟ್ಟಮೇಲೆ ಕೊರಗುತ್ತ ಕೂರದವರು ಇನ್ನೂ ವಿರಳ. ಮರುವರ್ಷವೇ ಅವರು ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1965ರವರೆಗೂ ನಡೆಸಿದರು.

ಇಲ್ಲೊಂದು ಸೂಕ್ಷ್ಮವುಂಟು. ಅವರು ಅಂದೇ ಲೇಖನಿ ಹಿಡಿದವರಲ್ಲ. ಕಚೇರಿಯ ದುಡಿಮೆಯ ನಡುವೆಯೇ ದಶಕಗಳಿಂದ ಸಣ್ಣ ಕಥೆಗಳನ್ನು ಬರೆಯುತ್ತ ಬಂದಿದ್ದರು. ಹೊಸ ವೃತ್ತಿಯು ಹಳೆಯದರ ಮಗ್ಗುಲಲ್ಲಿಯೇ ಬೆಳೆದಿದ್ದಿತು. ಆದುದರಿಂದ ಉದ್ಯೋಗ ಬಿಡಬಯಸುವವರು ಸಂಬಳ ಬರುತ್ತಿರುವಾಗಲೇ ಹೊಸ ಕೆಲಸದಲ್ಲಿ ಕೈ ಪಳಗಿಸಿಕೊಂಡು, ಒಂದು ವರ್ಷದ ಮನೆವೆಚ್ಚವನ್ನು ಕೂಡಿಟ್ಟು, ಆ ಲೆಕ್ಕವನ್ನು ಮನೆಯಾಕೆಯೊಡನೆ ಕುಳಿತು ನೋಡುವುದು ಲೇಸೆಂದು ನಮ್ಮ ಅಭಿಪ್ರಾಯ. ಅವಸರವಂತೂ ಬೇಡ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ಚಿಕವೀರ ರಾಜೇಂದ್ರ’ ಪ್ರಕಟವಾದುದು 1956ರಲ್ಲಿ, ಅವರ ಅರವತ್ತೈದರ ಸುಮಾರಿಗೆ.